ಸಾಲು ಸಿಗದಿದ್ದರೆ ನೂರು

ಕೇಳಿದ ಪ್ರಶ್ನೆಗೆ ಡೇಟಾಬೇಸ್‌ನಲ್ಲಿ ಒಂದು ಸಾಲೂ ಸಿಗಲಿಲ್ಲವೆಂದರೆ ಅದು ತಪ್ಪೋ, ಉತ್ತರವೋ? ಕೋಬಾಲ್ ಕಾಲದವರಿಗೆ ಇದು ತಲೆನೋವೇ ಆಗಿರಲಿಲ್ಲ. ಕಡತ ಓದುವ ಆಜ್ಞೆಯ ಬೆನ್ನಿಗೇ ‘ಅಟ್ ಎಂಡ್’ ಎಂದು ಬರೆದು, ದಾಖಲೆ ಮುಗಿದರೆ ಏನು ಮಾಡಬೇಕೆಂದು ಅಲ್ಲೇ ಹೇಳಿಬಿಡುತ್ತಿದ್ದರು.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ ರಿಲೇಷನಲ್ ಮಾದರಿಯಲ್ಲೂ ತಕರಾರಿಲ್ಲ: ಖಾಲಿ ಗಣವೂ ಗಣವೇ. ತೊಡಕು ಶುರುವಾದದ್ದು ಎಸ್‌ಕ್ಯುಎಲ್ ಅನ್ನು ಕೋಬಾಲ್‌ನಂಥ ಭಾಷೆಗಳ ಒಳಗೆ ಕೂರಿಸಹೊರಟಾಗ. ಅಲ್ಲಿನ ವೇರಿಯಬಲ್‌ಗೆ ಏನಾದರೊಂದು ಬೆಲೆ ಬೇಕು. ಖಾಲಿ ಗಣದಿಂದ ಏನು ತೆಗೆದು ತುಂಬುವುದು? ಐಬಿಎಂ ಎಸ್‌ಕ್ಯುಎಲ್‌ಕೋಡ್ ಎಂಬ ಅಂಕಿಯ ಮೊರೆಹೊಕ್ಕಿತು. ಸೊನ್ನೆ ಬಂದರೆ ಕೆಲಸ ಸುಸೂತ್ರ, ಋಣಸಂಖ್ಯೆ ಬಂದರೆ ತಪ್ಪು, ಸಾಲು ಸಿಗದಿದ್ದರೆ ಧನ 100. ಅಂದರೆ, ಇದು ಬರೀ ಸೂಚನೆ.

ಒರಾಕಲ್ ಬೇರೆ ದಾರಿ ಹಿಡಿಯಿತು. 1988ರ ಆರನೇ ಆವೃತ್ತಿಯೊಂದಿಗೆ ಬಂದ ಪಿಎಲ್/ಎಸ್‌ಕ್ಯುಎಲ್ ತನ್ನ ನಡೆನುಡಿಯನ್ನೆಲ್ಲ ಏಡಾ ಭಾಷೆಯಿಂದ ಕಲಿತದ್ದು, ಎಕ್ಸೆಪ್ಶನ್ ಪದ್ಧತಿಯೂ ಸೇರಿ. ಅಲ್ಲಿಗೆ ಸೂಚನೆ ಹೋಗಿ ‘ನೋ ಡೇಟಾ ಫೌಂಡ್’ ಎಂಬ ಅಪವಾದ ಹುಟ್ಟಿತು.

ಒರಾಕಲ್ ಕಲಿತವರು ಸ್ಕಾಟ್ ಖಾತೆಯ 14 ಸಾಲಿನ ಎಂಪ್ ಕೋಷ್ಟಕವನ್ನು ಮರೆತಿರಲಾರರು. ‘ಸೆಲೆಕ್ಟ್ ಇನ್‌ಟು’ ಬರೆದು 7839ನೇ ನೌಕರನನ್ನು ಕೇಳಿದರೆ ಅಧ್ಯಕ್ಷ ಕಿಂಗ್ ಸಿಗುತ್ತಾನೆ. 9999 ಎಂದು ಕೇಳಿ: ‘ಓಆರ್‌ಎ-01403’ ಎಂದು ಪ್ರೋಗ್ರಾಂ ನಿಂತುಬಿಡುತ್ತದೆ. ಅದೇ 9999ರ ಸಂಬಳ ಏರಿಸಲು ಅಪ್‌ಡೇಟ್ ಕೊಟ್ಟರೆ ಚಕಾರವಿಲ್ಲ. ಆತನ ಗರಿಷ್ಠ ಸಂಬಳ ಎಷ್ಟೆಂದು ‘ಮ್ಯಾಕ್ಸ್’ ಹಾಕಿ ಕೇಳಿದರೆ ನಲ್ ಹೊತ್ತ ಒಂದು ಸಾಲು ತಣ್ಣಗೆ ಬಂದು ಕೂರುತ್ತದೆ. ತಮಾಷೆಯೆಂದರೆ, ಅಪವಾದವನ್ನು ಹಿಡಿದು ಅದರ ಎಸ್‌ಕ್ಯುಎಲ್‌ಕೋಡ್ ಮುದ್ರಿಸಿದರೆ ಕಾಣುವುದು 100, ಋಣಚಿಹ್ನೆಯೇ ಇಲ್ಲ. ಹಳೆಯ ಸೂಚನೆ ಒಳಗೆ ಹಾಗೇ ಉಳಿದಿದೆ.

ಇದರಿಂದಾದ ಪೇಚು ಸಣ್ಣದಲ್ಲ. ಇದೇ ಅಪವಾದ ಫಂಕ್ಷನ್ ಒಂದರಲ್ಲಿ ಎದ್ದು, ಆ ಫಂಕ್ಷನ್ ಅನ್ನು ಸೆಲೆಕ್ಟ್ ವಾಕ್ಯ ಕರೆದಿದ್ದರೆ, ಎಸ್‌ಕ್ಯುಎಲ್ ಅದನ್ನು ‘ಸಾಲು ಮುಗಿಯಿತು’ ಎಂದು ಓದಿಕೊಂಡು ಸದ್ದಿಲ್ಲದೆ ನಲ್ ಕೊಡುತ್ತದೆ. ರೇಜಿಗೆ ಬೇಡವೆಂದು ‘ವೆನ್ ಅದರ್ಸ್ ದೆನ್ ನಲ್’ ಬರೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ನಿಜವಾದ ತಪ್ಪುಗಳನ್ನೂ ನುಂಗಿಹಾಕುತ್ತದೆ, ರೋಗಕ್ಕಿಂತ ಮದ್ದೇ ಕೆಟ್ಟದ್ದು.

ಪೋಸ್ಟ್‌ಗ್ರೆಸ್ ಮೊದಲಿಂದಲೂ ಮೆದು: ಸಾಲು ಸಿಗದಿದ್ದರೆ ವೇರಿಯಬಲ್‌ಗೆ ನಲ್ ತುಂಬಿ ಮುಂದೆ ಸಾಗುತ್ತಿತ್ತು. 2006ರಲ್ಲಿ 8.2ನೇ ಆವೃತ್ತಿ ಬಂದಾಗ, ಒರಾಕಲ್‌ಗೆ ಹೊಂದುವಂತೆ ‘ಸ್ಟ್ರಿಕ್ಟ್’ ಎಂಬ ಪದ ಸೇರಿತು. ಅದನ್ನು ಬರೆದವರಿಗೆ ಮಾತ್ರ ಅಪವಾದ. ಬರೆಯದವರಿಗೆ ಇಂದಿಗೂ ನಲ್ಲೇ.