ಓದುವ ಮಗುವಿಗೆ ಒಂದು ಆಸರೆ

ಜೂನ್ ತಿಂಗಳು ಹತ್ತಿರವಾದಂತೆ ನಿಮ್ಮಲ್ಲಿ ಹಲವರ ಮನೆಗಳಿಗೆ ಒಂದು ಮನವಿ ತಲಪುತ್ತದೆ. ಹಳ್ಳಿಯೊಂದರ ಬಡ, ಆದರೆ ಪ್ರತಿಭಾವಂತ ಮಗುವಿನ ಒಂದು ವರ್ಷದ ವಿದ್ಯಾಭ್ಯಾಸದ ಹೊಣೆ ಹೊರುವಿರಾ ಎಂಬ ಮನವಿ ಅದು. ನೀವು ಕೈಲಾದದ್ದನ್ನು ಕೊಡುತ್ತೀರಿ, ಅದು ಶ್ಲಾಘನೀಯ. ಆದರೆ ಕೊಡುವ ಮೊದಲು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ಆ ಮಗುವಿಗೆ ನಿಜವಾಗಿ ಕೊರತೆಯಾಗಿರುವುದು ಏನು? ಪ್ರತಿಭೆಯುಳ್ಳ ಮಗು ಯಾವುದೆಂದು ನಾವು ಹೇಗೆ ಅರಿಯುತ್ತೇವೆ? ನೂರು ವರ್ಷಗಳ ಹಿಂದೆ ನಮ್ಮ ನೆರೆನಾಡಿನಲ್ಲಿ ಒಬ್ಬ ಮಹನೀಯರು ಈ ಪ್ರಶ್ನೆಗಳನ್ನು ಎದುರಿಸಿದ ಬಗೆಯನ್ನು ನೆನೆಯುವುದು ಉಚಿತ.

ನಮ್ಮ ನಾಡಿಗೆ ಈ ವಿಷಯ ಹೊಸದಲ್ಲ. ಹೈಸ್ಕೂಲು ಇದ್ದದ್ದು ಪಟ್ಟಣಗಳಲ್ಲಿ ಮಾತ್ರ ಎಂಬ ಕಾಲದಲ್ಲಿ ‘ವಾರಾನ್ನ’ ಎಂಬ ಪದ್ಧತಿಯಿತ್ತು. ಹಳ್ಳಿಯಿಂದ ಬಂದ ಬಡ ಹುಡುಗ ಏಳು ಮನೆಗಳನ್ನು ಹುಡುಕಿಕೊಳ್ಳುತ್ತಿದ್ದ; ಸೋಮವಾರ ಒಂದು ಮನೆಯಲ್ಲಿ ಊಟವಾದರೆ ಮಂಗಳವಾರ ಇನ್ನೊಂದರಲ್ಲಿ. ಮಲಗಲು ಛತ್ರದ ಜಗಲಿಯೋ ದೇವಸ್ಥಾನದ ಪಡಸಾಲೆಯೋ ಸಾಕಾಗುತ್ತಿತ್ತು. ಹೀಗೆ ಓದಿ ಮೇಲೆ ಬಂದವರು ಹಲವರು. ಹಣವಂತರಲ್ಲದ ಗೃಹಿಣಿಯರೂ ತಮ್ಮ ಅಡುಗೆಯಲ್ಲಿ ಒಂದು ಪಾಲು ತೆಗೆದಿಟ್ಟು ಪರರ ಮಗುವಿನ ವಿದ್ಯೆಗೆ ನೆರವಾದರು ಎಂಬುದು ಈ ಪದ್ಧತಿಯ ಹಿರಿಮೆ. ಆದರೆ ಅದಕ್ಕೊಂದು ಮಿತಿಯೂ ಇತ್ತು. ವಾರಾನ್ನದ ಬಾಗಿಲು ತೆರೆಯುತ್ತಿದ್ದುದು ಬಹುಮಟ್ಟಿಗೆ ತಮ್ಮ ಜಾತಿಯ ಹುಡುಗನಿಗೆ ಮಾತ್ರ. ಅಂಗಳಕ್ಕೂ ಕಾಲಿಡುವಂತಿಲ್ಲದವನ ಮಗನು ಎಷ್ಟೇ ಜಾಣನಾಗಿದ್ದರೂ ಏಳು ಮನೆಗಳಿರಲಿ, ಒಂದು ಮನೆಯೂ ಅವನಿಗೆ ಸಿಗುತ್ತಿರಲಿಲ್ಲ.

ಈ ಕೊರತೆಯನ್ನು ಅರಿತ ಅರಸರಲ್ಲಿ ಕೊಲ್ಲಾಪುರದ ಶಾಹು ಮಹಾರಾಜರು ಪ್ರಮುಖರು. ಹಳ್ಳಿಯ ಹುಡುಗನಿಗೆ ಶಾಲೆಗಿಂತ ಮೊದಲು ಬೇಕಾದದ್ದು ಊಟ ಮತ್ತು ಸೂರು ಎಂದು ಅವರು ಕಂಡುಕೊಂಡರು. 1901ರಿಂದ ಮೊದಲ್ಗೊಂಡು ಅವರ ಪ್ರೋತ್ಸಾಹದಿಂದ ಕೊಲ್ಲಾಪುರದಲ್ಲಿ ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ವಿದ್ಯಾರ್ಥಿನಿಲಯಗಳು ಒಂದೊಂದಾಗಿ ಎದ್ದು ನಿಂತವು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳಿಗೂ ಮಿಸ್ ಕ್ಲಾರ್ಕ್ ಹೆಸರಿನ ನಿಲಯವೊಂದು ಆರಂಭವಾಯಿತು. ಆದರೂ ಪ್ರತಿ ಸಮುದಾಯಕ್ಕೂ ಬೇರೆ ಬೇರೆ ಸೂರು, ಬೇರೆ ಬೇರೆ ಪಂಕ್ತಿ.

ಆಗ ಕೊಲ್ಲಾಪುರದ ಜೈನ ವಿದ್ಯಾರ್ಥಿನಿಲಯದಲ್ಲಿ ಭಾವುರಾವ್ ಪಾಟೀಲ ಎಂಬ ಯುವಕನಿದ್ದನು. 1887ರಲ್ಲಿ ಕುಂಭೋಜದಲ್ಲಿ ಜನಿಸಿದ ಈತನ ಪೂರ್ವಿಕರು ನಮ್ಮ ಮೂಡುಬಿದಿರೆಯ ಕಡೆಯಿಂದ ಹೋದವರೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ. ಮಿಸ್ ಕ್ಲಾರ್ಕ್ ನಿಲಯದ ಸಮಾರಂಭಕ್ಕೆ ಹೋಗಿ ಬಂದ ಅವನಿಗೆ, ಸ್ನಾನ ಮಾಡಿದ ಹೊರತು ಊಟದ ಮನೆಗೆ ಪ್ರವೇಶವಿಲ್ಲವೆಂದು ಹೇಳಲಾಯಿತು. ಭಾವುರಾವ್ ಒಪ್ಪಲಿಲ್ಲ, ನಿಲಯವನ್ನೇ ತೊರೆಯಬೇಕಾಯಿತು. ಮೆಟ್ರಿಕ್ ಪರೀಕ್ಷೆಯನ್ನೂ ಅವನು ದಾಟಲಿಲ್ಲ. ನಮ್ಮ ಇಂದಿನ ಅರ್ಜಿ ನಮೂನೆಗಳಲ್ಲಿ ‘ಪ್ರತಿಭಾವಂತ’ ಎಂಬ ಅಂಕಣದಲ್ಲಿ ಅವನ ಹೆಸರು ಎಂದಿಗೂ ಸೇರುತ್ತಿರಲಿಲ್ಲವೆಂಬುದನ್ನು ನೀವು ಗಮನಿಸಬೇಕು.

ಮುಂದೆ ಅವರು ಓಗಲೆ ಗಾಜಿನ ಕಾರ್ಖಾನೆಯ ಹಾಗೂ ಕಿರ್ಲೋಸ್ಕರ್ ನೇಗಿಲುಗಳ ಮಾರಾಟಕ್ಕಾಗಿ ಊರೂರು ಸುತ್ತಿದರು. ಈ ಸುತ್ತಾಟ ಅವರಿಗೆ ರೈತರ ಮನೆಯ ಒಳಗನ್ನು ತೋರಿಸಿತು. 1919ರ ಅಕ್ಟೋಬರ್ 4ರಂದು ಕರಾಡದ ಬಳಿಯ ಕಾಲೆ ಎಂಬ ಗ್ರಾಮದಲ್ಲಿ ‘ರಯತ್ ಶಿಕ್ಷಣ ಸಂಸ್ಥೆ’ಯನ್ನು ಸ್ಥಾಪಿಸಿದರು. ರಯತ ಎಂದರೆ ರೈತ, ಸಾಮಾನ್ಯ ಪ್ರಜೆ. 1924ರಲ್ಲಿ ಸಾತಾರೆಯಲ್ಲಿ ವಿದ್ಯಾರ್ಥಿನಿಲಯ ತೆರೆದಾಗ, ಬೇರೆ ಬೇರೆ ಪಂಕ್ತಿಗಳ ಪದ್ಧತಿಯನ್ನು ಕೈಬಿಟ್ಟರು. ಮರಾಠ, ಜೈನ, ಮುಸ್ಲಿಂ, ಮಹಾರ್, ಮಾಂಗ್ ಎಂದು ಎಣಿಸದೆ ಎಲ್ಲರಿಗೂ ಒಂದೇ ಅಡುಗೆ, ಒಂದೇ ಪಂಕ್ತಿ.

ಇಷ್ಟು ಮಕ್ಕಳಿಗೆ ಅನ್ನ ಎಲ್ಲಿಂದ ಬರಬೇಕು? ಭಾವುರಾವ್ ಒಬ್ಬ ಶ್ರೀಮಂತ ದಾನಿಯನ್ನು ನೆಚ್ಚಿ ಕೂರಲಿಲ್ಲ. ಹಳ್ಳಿಯ ಮನೆಮನೆಯಿಂದ ಹಿಡಿ ಹಿಡಿ ಧಾನ್ಯ ಸಂಗ್ರಹಿಸುವ ‘ಮುಷ್ಟಿ’ ಪದ್ಧತಿಯನ್ನು ಬಳಸಿದರು. ಹಿಡಿ ಜೋಳ ಕೊಟ್ಟ ಬಡ ತಾಯಿಯೂ ಪರರ ಮಗುವಿನ ಪೋಷಕಿಯಾದಳು. ಮಕ್ಕಳು ಸುಮ್ಮನೆ ಉಣ್ಣಲಿಲ್ಲ. ಅಡುಗೆ ಮಾಡಿದರು, ಹೊಲದಲ್ಲಿ ದುಡಿದರು, ದುಡಿಯುತ್ತಲೇ ಓದಿದರು. ಸ್ವಾವಲಂಬನೆಯ ಶಿಕ್ಷಣವೇ ಸಂಸ್ಥೆಯ ಧ್ಯೇಯವಾಯಿತು. ಯಾರ ಮುಂದೆಯೂ ತಲೆ ತಗ್ಗಿಸದೆ ಕಲಿಯುವುದು ಆ ಮಕ್ಕಳಿಗೆ ಸಾಧ್ಯವಾದದ್ದು ಹೀಗೆ.

ಈ ಕಥೆಯಲ್ಲಿ ಮರೆಯಬಾರದ ಹೆಸರು ಭಾವುರಾವ್ ಅವರ ಪತ್ನಿ ಲಕ್ಷ್ಮೀಬಾಯಿಯವರದು. ಸಂಪ್ರದಾಯಸ್ಥ ಮನೆತನದಲ್ಲಿ ಬೆಳೆದ ಆಕೆ ಎಲ್ಲ ಜಾತಿಯ ಮಕ್ಕಳಿಗೂ ತಾಯಿಯಾಗಿ ಬಡಿಸಿದರು. ನಿಲಯದ ಖರ್ಚಿಗಾಗಿ ಅವರ ಒಡವೆಗಳು ಒಂದೊಂದಾಗಿ ಹೋದವು. ದವಸ ಮುಗಿದ ದಿನ ಕೊರಳ ಮಾಂಗಲ್ಯವನ್ನೂ ಕೊಟ್ಟು ಮಕ್ಕಳ ಹಸಿವನ್ನು ಹಿಂಗಿಸಿದರು. ಸಂಸ್ಥೆ ಮರವಾಗಿ ಬೆಳೆದದ್ದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1930ರಲ್ಲಿಯೇ ಅವರು ತೀರಿಕೊಂಡರು.

1927ರಲ್ಲಿ ಸಾತಾರೆಗೆ ಬಂದ ಗಾಂಧೀಜಿಯವರು ಈ ಒಂದೇ ಪಂಕ್ತಿಯನ್ನು ಕಂಡು ಸಂತೋಷಪಟ್ಟು, ನಿಲಯಕ್ಕೆ ಛತ್ರಪತಿ ಶಾಹು ಅವರ ಹೆಸರನ್ನಿಟ್ಟರು. ಬಳಿಕ ಕೆಲಸ ವಿಸ್ತರಿಸಿತು. ಹಳ್ಳಿಗಳಿಗೆ ಶಿಕ್ಷಕರು ಬೇಕೆಂದು 1935ರಲ್ಲಿ ಶಿಕ್ಷಕರ ತರಬೇತಿ ಕಾಲೇಜು, 1940ರಲ್ಲಿ ಬರೋಡದ ಸಯಾಜಿರಾವ್ ಮಹಾರಾಜರ ಹೆಸರಿನಲ್ಲಿ ಉಚಿತ ವಸತಿ ಪ್ರೌಢಶಾಲೆ, 1947ರಲ್ಲಿ ಸಾತಾರೆಯ ಛತ್ರಪತಿ ಶಿವಾಜಿ ಕಾಲೇಜು ಹುಟ್ಟಿದವು. ಜನರು ‘ಕರ್ಮವೀರ’ ಎಂದು ಕರೆದ ಈ ಹಿರಿಯರಿಗೆ 1959ರಲ್ಲಿ ಪದ್ಮಭೂಷಣ ಸಂದಿತು. ಅದೇ ವರ್ಷದ ಮೇ 9ರಂದು ಅವರು ನಿಧನರಾದರು. ಇಂದು ಆ ಸಂಸ್ಥೆಯ ಅಡಿಯಲ್ಲಿ ನೂರಾರು ಪ್ರೌಢಶಾಲೆಗಳೂ ಹತ್ತಾರು ಕಾಲೇಜುಗಳೂ ಇವೆ. ಅದರ ಲಾಂಛನ ಆಲದ ಮರ. ಇಳಿಬಿದ್ದ ಬಿಳಲು ಬೇರೂರಿ ತಾನೇ ಇನ್ನೊಂದು ಕಾಂಡವಾಗುವ ಮರ ಅದು.

ಈಗ ನಮ್ಮ ಮೊದಲ ಪ್ರಶ್ನೆಗಳಿಗೆ ಮರಳೋಣ. ಮಗುವಿಗೆ ಕೊರತೆಯಾಗಿರುವುದು ಏನು? 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ನಮ್ಮ ರಾಜ್ಯದ ಶಾಲಾಮಕ್ಕಳ ಮಧ್ಯಾಹ್ನದ ಹಸಿವನ್ನು ನೀಗಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣದ ಖಾತರಿ ನೀಡಿತು. ಆದರೆ ಹದಿನೈದನೆಯ ವಯಸ್ಸಿನಲ್ಲಿ ಏನು? ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಬೇಕಾದ ಹುಡುಗಿಗೆ ಬೇಕಾಗುವುದು ಶುಲ್ಕದ ಹಣವೊಂದೇ ಅಲ್ಲ. ಬಸ್ಸು, ಸುರಕ್ಷಿತವಾದ ಕೋಣೆ, ಎರಡು ಹೊತ್ತಿನ ಊಟ, ‘ಏನಮ್ಮಾ, ಓದು ಹೇಗೆ ನಡೆಯುತ್ತಿದೆ?’ ಎಂದು ಕೇಳುವ ಒಬ್ಬ ಹಿರಿಯರು, ಇವೆಲ್ಲವೂ ಬೇಕು. ಪಟ್ಟಣದಲ್ಲಿರುವ ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಚೆಕ್ಕಿನ ಜೊತೆಗೆ ಇವನ್ನೂ ನೀಡಬಲ್ಲವು.

ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದುದು. ನಾವು ಅಂಕಪಟ್ಟಿಯನ್ನು ನೋಡಿ ಮಗುವನ್ನು ಆರಿಸುತ್ತೇವೆ. ಆದರೆ ಸಂಜೆ ದನ ಮೇಯಿಸಿ, ತಮ್ಮ ತಂಗಿಯರನ್ನು ಮಲಗಿಸಿ, ಬಳಿಕ ಪುಸ್ತಕ ತೆರೆಯುವ ಮಗುವಿನ ಐವತ್ತು ಅಂಕಗಳಲ್ಲಿ ಎಷ್ಟು ಪ್ರತಿಭೆ ಅಡಗಿದೆಯೆಂದು ಅಂಕಪಟ್ಟಿ ಹೇಳುವುದಿಲ್ಲ. ಭಾವುರಾವ್ ಮೊದಲು ತಟ್ಟೆ ಹಾಕಿದರು, ಆಮೇಲೆ ಪ್ರತಿಭೆ ತಾನಾಗಿ ಕಾಣಿಸಿಕೊಳ್ಳಲೆಂದು ಕಾದರು. ಮೆಟ್ರಿಕ್ ದಾಟದ ಆತನಿಗೆ ಈ ತಾಳ್ಮೆ ಸಹಜವಾಗಿತ್ತೇನೋ.

ಆದ್ದರಿಂದ ಓದುಗರೇ, ಈ ಬಾರಿ ಮನವಿ ಬಂದಾಗ ಹಣ ಕೊಡಿ. ಜೊತೆಗೆ ಆ ಮಗುವಿನ ಊರಿನ ಹೆಸರು ಕೇಳಿ, ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಆ ಮಗುವಿನ ಪಕ್ಕದ ಬೆಂಚಿನಲ್ಲಿ ಕುಳಿತಿರುವ, ಯಾರೂ ಶಿಫಾರಸು ಮಾಡದ ಇನ್ನೊಂದು ಮಗು ಯಾರೆಂದು ವಿಚಾರಿಸಿ. ನಿಮ್ಮ ಪಂಕ್ತಿಯಲ್ಲಿ ಅದಕ್ಕೂ ಒಂದು ಎಲೆ ಹಾಕಲು ಸಾಧ್ಯವೇ ಎಂದು ಮನೆಯವರೊಡನೆ ಕುಳಿತು ಮಾತನಾಡಿ.