ಒಂದು ನಟ್ ಮೇಲೆ ಎರಡು ಸೇತುವೆ

ಇವತ್ತಿನ ಕಥೆಗೆ ಮನಸ್ಸಲ್ಲೇ ಒಂದು ಚಿತ್ರ ಬರ್ಕೊಳ್ಳಿ. ಬಾಲ್ಕನಿಯ ಮೇಲ್ಗಡೆ ಒಂದು ಕೊಕ್ಕೆ. ಅದರಿಂದ ಒಂದೇ ಉದ್ದದ ಹಗ್ಗ ಇಳಿದಿದೆ. ಹಗ್ಗದಲ್ಲಿ ಎರಡು ಹೂಕುಂಡ, ಒಂದರ ಕೆಳಗೆ ಒಂದು. ಪ್ರತಿ ಕುಂಡದ ತಳದ ತೂತಿನಿಂದ ಹಗ್ಗ ಹಾದು ಹೋಗುತ್ತೆ, ತೂತಿನ ಕೆಳಗೆ ಒಂದು ಗಂಟು. ಕುಂಡ ಆ ಗಂಟಿನ ಮೇಲೆ ಕೂತಿದೆ. ಒಂದೊಂದು 5 ಕೆ.ಜಿ. ಕೊಕ್ಕೆಗೆ 10 ಕೆ.ಜಿ., ಒಂದೊಂದು ಗಂಟಿಗೆ ಐದೈದು. ಈ ಗಂಟನ್ನ ಮರೀಬೇಡಿ.

1981ರ ಜುಲೈ 17, ಶುಕ್ರವಾರ ಸಂಜೆ. ಅಮೆರಿಕದ ಮಿಸ್ಸೌರಿ ರಾಜ್ಯದ ಕ್ಯಾನ್ಸಸ್ ಸಿಟಿ. ಅಲ್ಲಿನ ಹಯಾಟ್ ರೀಜೆನ್ಸಿ ಹೋಟೆಲ್ ಶುರುವಾಗಿ ಬರೀ ಒಂದು ವರ್ಷ. ಲಾಬಿಯಲ್ಲಿ ಡ್ಯಾನ್ಸ್ ಪಾರ್ಟಿ, ಸಾವಿರಕ್ಕೂ ಹೆಚ್ಚು ಜನ. ಲಾಬಿಗೆ ಅಡ್ಡಲಾಗಿ, ಸೂರಿನಿಂದ ಕಬ್ಬಿಣದ ರಾಡ್‌ಗಳಲ್ಲಿ ತೂಗುಹಾಕಿದ ಸ್ಕೈವಾಕ್‌ಗಳು. ನಾಲ್ಕನೇ ಫ್ಲೋರಿನದ್ದು ಮೇಲೆ, ಅದರ ನೇರ ಕೆಳಗೆ ಎರಡನೇ ಫ್ಲೋರಿನದ್ದು. (ಅಮೆರಿಕದ ಎರಡನೇ ಫ್ಲೋರ್ ಅಂದ್ರೆ ನಮ್ಮ ಮೊದಲನೇ ಮಹಡಿ.) ಮೂರನೇ ಫ್ಲೋರಿನದ್ದು ಪಕ್ಕದಲ್ಲಿ ಬೇರೆಯಾಗಿಯೇ ತೂಗ್ತಾ ಇತ್ತು. ಅದು ಉಳೀತು.

ಏಳು ಗಂಟೆ ದಾಟಿ ಕೆಲವೇ ನಿಮಿಷ. ನಾಲ್ಕನೇ ಫ್ಲೋರಿನ ಸ್ಕೈವಾಕ್ ಕಳಚಿ ಎರಡನೆಯದರ ಮೇಲೆ ಬಿತ್ತು, ಎರಡೂ ಸೇರಿ ಕೆಳಗಿದ್ದ ಜನರ ಮೇಲೆ. 114 ಜನ ಸತ್ತರು. ಇನ್ನೂರಕ್ಕೂ ಹೆಚ್ಚು ಜನರಿಗೆ ಗಾಯ. ರಾತ್ರಿಯಿಡೀ ಕಾಂಕ್ರೀಟ್ ಎತ್ತಿ ಎತ್ತಿ ಜನರನ್ನ ಹೊರಗೆ ತೆಗೆದರು.

ಆಮೇಲೆ ಒಂದು ಮಾತು ಹಬ್ಬಿತು: ಜನ ಸೇತುವೆ ಮೇಲೆ ಹತ್ತಿ ಕುಣಿದಿದ್ದಕ್ಕೇ ಬಿತ್ತು ಅಂತ. ಇಂಥ ಮಾತು ಕೇಳಿದ್ರೆ ನಂಗೆ ಸಿಟ್ಟು ಬರುತ್ತೆ. ಸತ್ತವರ ತಲೆಗೇ ತಪ್ಪು ಕಟ್ಟೋದು ತುಂಬಾ ಸುಲಭ. ಆದ್ರೆ ಅವತ್ತು ಸೇತುವೆ ಮೇಲಿದ್ದ ಜನರ ಭಾರ, ಕಟ್ಟಡದ ನಿಯಮ ಪ್ರಕಾರ ಅದು ಹೊರಬೇಕಾಗಿದ್ದ ಭಾರಕ್ಕಿಂತ ತುಂಬಾ ಕಮ್ಮಿ.

ಹಾಗಾದ್ರೆ ಆಗಿದ್ದೇನು? ಮೂಲ ಡಿಸೈನ್ ನಮ್ಮ ಹೂಕುಂಡದ ಥರಾನೇ ಇತ್ತು. ಸೂರಿನಿಂದ ಒಂದೇ ಉದ್ದದ ರಾಡ್, ಎರಡೂ ಸೇತುವೆಯ ಬೀಮ್‌ಗಳ ಮೂಲಕ. ಪ್ರತಿ ಬೀಮ್ ಕೆಳಗೆ ಒಂದು ನಟ್. ಆದರೆ ಮೇಲಿನ ನಟ್ ಹಾಕಬೇಕಂದ್ರೆ ರಾಡಿನ ಕೆಳತುದಿಯಿಂದ ನಾಲ್ಕನೇ ಫ್ಲೋರ್‌ವರೆಗೂ ತಿರುಗಿಸ್ಕೊಂಡು ಹೋಗಬೇಕು. ಅಷ್ಟುದ್ದಕ್ಕೂ ಥ್ರೆಡ್ ಬೇಕು, ಕೆಲಸದ ಗಡಿಬಿಡಿಯಲ್ಲಿ ಅದು ಹಾಳಾಗದೆ ಇರಬೇಕು. ರಗಳೆ. ಅದಕ್ಕೆ ಸ್ಟೀಲ್ ಕೆಲಸದವರು ಒಂದು ಸುಲಭದ ದಾರಿ ಹುಡುಕಿದ್ರು. ಒಂದು ರಾಡ್ ಬದಲು ಎರಡು ತುಂಡು. ಮೊದಲನೇದು ಸೂರಿನಿಂದ ಮೇಲಿನ ಸೇತುವೆಗೆ. ಎರಡನೇದು ಮೇಲಿನ ಸೇತುವೆಯ ಬೀಮಿನಿಂದ ಕೆಳಗಿನ ಸೇತುವೆಗೆ.

ಈಗ ಬಾಲ್ಕನಿಗೆ ಬನ್ನಿ. ಹಗ್ಗ ಮೊದಲ ಗಂಟಿಗೇ ಮುಗೀತು. ಕೆಳಗಿನ ಕುಂಡವನ್ನ ಇನ್ನೊಂದು ಹಗ್ಗದಲ್ಲಿ ಮೇಲಿನ ಕುಂಡಕ್ಕೇ ಕಟ್ಟಿದ್ದೀರಿ. ಕೊಕ್ಕೆಗೆ ಈಗಲೂ 10 ಕೆ.ಜಿ. ನೋಡೋಕೂ ಹಾಗೇ ಇದೆ. ಆದ್ರೆ ಮೇಲಿನ ಗಂಟಿಗೆ? ಐದಲ್ಲ, ಹತ್ತು.

ಫಸ್ಟ್ ಪಿಯುಸಿ ಫಿಸಿಕ್ಸ್‌ನಲ್ಲಿ ಬರೋ ಫ್ರೀ ಬಾಡಿ ಡಯಾಗ್ರಮ್ ಇದೇ. ಇಡೀ ಸೇತುವೆಯನ್ನ ಒಟ್ಟಿಗೆ ನೋಡಿದ್ರೆ ಮೇಲ್ಮುಖ ಬಲ, ಕೆಳಮುಖ ಬಲ ಸಮ, ಲೆಕ್ಕ ಸರಿ. ಒಂದೇ ಒಂದು ನಟ್ ಅನ್ನು ಬೇರೆ ಮಾಡಿ ಅದರ ಸುತ್ತ ಬಾಣ ಹಾಕಿದ್ರೆ ಮಾತ್ರ ಭಾರ ದುಪ್ಪಟ್ಟಾಗಿರೋದು ಕಾಣುತ್ತೆ. ನಾನು ಓದಿದ್ದು ಬಿ.ಕಾಂ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಜರ್ ಸರಿ ಇದೆ ಅಂತಲ್ಲ ಅನ್ನೋದು ನಮಗೆ ಮೊದಲ ವರ್ಷವೇ ಹೇಳ್ಕೊಡ್ತಾರೆ. ಇಲ್ಲೂ ಅದೇ ಕಥೆ. ಟೋಟಲ್ ನೋಡಿದ್ರು, ಎಂಟ್ರಿ ನೋಡಲಿಲ್ಲ.

ಬದಲಾದ ಡ್ರಾಯಿಂಗ್ ಮೇಲೆ ಎಂಜಿನಿಯರ್ ಸೀಲ್ ಇತ್ತು. ಫೋನ್ ಮಾಡಿ ಒಪ್ಪಿಗೆ ತಗೊಂಡಿದ್ವಿ ಅಂದರು ಸ್ಟೀಲ್ ಕಂಪನಿಯವರು, ಅಂಥ ಕರೆ ಬಂದೇ ಇಲ್ಲ ಅಂದರು ಎಂಜಿನಿಯರ್‌ಗಳು. ಆ ನಟ್ ಮೇಲೆ ಎಷ್ಟು ಭಾರ ಬೀಳುತ್ತೆ ಅಂತ ಲೆಕ್ಕ ಮಾತ್ರ ಯಾರೂ ಹಾಕಿರಲಿಲ್ಲ.

ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ತನಿಖೆ ಮಾಡಿತು. ಕಟ್ಟಿದ ಜೋಡಣೆಗೆ ನಿಯಮ ಕೇಳೋ ಬಲದ ಸುಮಾರು 30 ಪರ್ಸೆಂಟ್ ಮಾತ್ರ ಇತ್ತು. ಮೂಲ ಡಿಸೈನ್ ಕೂಡ ಸಾಚಾ ಅಲ್ಲ: ಅದಕ್ಕೆ 60 ಪರ್ಸೆಂಟ್. ಬೀಮ್ ಅಂದ್ರೆ ಎರಡು ಚಾನೆಲ್‌ಗಳನ್ನ ಎದುರುಬದುರು ಇಟ್ಟು ವೆಲ್ಡ್ ಮಾಡಿದ ಡಬ್ಬಿ. ರಾಡಿನ ತೂತು ಕೊರೆದಿದ್ದು ಸರಿಯಾಗಿ ಆ ವೆಲ್ಡಿಂಗ್ ಗೆರೆ ಮೇಲೇ. ಆ ಸಂಜೆ ಬೀಮ್ ಅಲ್ಲೇ ಬಾಯಿಬಿಟ್ಟು, ನಟ್ ತೂತಿನೊಳಗಿಂದ ಜಾರಿತು. ರಾಡ್ ಮುರಿಯಲೇ ಇಲ್ಲ. ಸೇತುವೆ ಬಿದ್ದ ಮೇಲೂ ಸೂರಿನಿಂದ ನೇತಾಡ್ತಾ ಇತ್ತು, ತುದಿಯಲ್ಲಿ ನಟ್ ಸಮೇತ.

ಇದನ್ನ ಜನರ ಮುಂದೆ ಮೊದಲು ಇಟ್ಟಿದ್ದು ಸರ್ಕಾರವಲ್ಲ, ಊರಿನ ಪೇಪರ್. ಕ್ಯಾನ್ಸಸ್ ಸಿಟಿ ಸ್ಟಾರ್ ತಾನೇ ಒಬ್ಬ ಎಂಜಿನಿಯರನ್ನ ಕರೆಸಿ, ವಾರದೊಳಗೆ ರಾಡ್ ಬದಲಾದ ಕಥೆಯನ್ನ ಚಿತ್ರ ಸಮೇತ ಅಚ್ಚು ಹಾಕಿತು. 1982ರಲ್ಲಿ ಸ್ಟಾರ್ ಮತ್ತು ಅದರ ಜೊತೆ ಪತ್ರಿಕೆ ಟೈಮ್ಸ್‌ಗೆ ಪುಲಿಟ್ಜರ್ ಸಿಕ್ಕಿತು. ಹೊಣೆ ಹೊತ್ತಿದ್ದ ಎಂಜಿನಿಯರ್‌ಗಳು ಮಿಸ್ಸೌರಿಯಲ್ಲಿ ಲೈಸೆನ್ಸ್ ಕಳ್ಕೊಂಡರು.

ಹೋಟೆಲ್ ಮತ್ತೆ ಬಾಗಿಲು ತೆರೆದಾಗ ಲಾಬಿಯಲ್ಲಿ ಒಂದೇ ಸೇತುವೆ ಇತ್ತು, ಎರಡನೇ ಫ್ಲೋರ್ ಮಟ್ಟದಲ್ಲಿ. ಈ ಸಲ ತೂಗುಹಾಕಿರಲಿಲ್ಲ. ಕೆಳಗಿಂದ ಕಂಬ ಕೊಟ್ಟಿದ್ದರು.