ಆಫ್ ಮಾಡಿದರೂ ಮಿಣುಕುವ ಬಲ್ಬು

ಮೈಸೂರಿನ ಅಗ್ರಹಾರದ ಆ ತೊಟ್ಟಿ ಮನೆಗೆ ವೈರಿಂಗ್ ಮಾಡಿದ್ದು ನಾನೇ, 1983ರಲ್ಲಿ. ತೇಗದ ಬ್ಯಾಟನ್ ಪಟ್ಟಿ, ಅದರ ಮೇಲೆ ಕ್ಲಿಪ್ಪು ಹೊಡೆದು ಎಳೆದ ವೈರು, ಮರದ ಗುಂಡು ಬ್ಲಾಕಿನ ಮೇಲೆ ಕಪ್ಪು ಹೋಲ್ಡರು. ಮೊನ್ನೆ ಆ ಮನೆಯ ಅಜ್ಜಿ ಫೋನ್ ಮಾಡಿದರು. "ಏನಪ್ಪಾ, ಹೊಸ ಲೈಟು ಆರ್ತಾನೇ ಇಲ್ವಲ್ಲ. ಸ್ವಿಚ್ ಆಫ್ ಮಾಡಿದ್ರೂ ರಾತ್ರಿಯೆಲ್ಲ ಕಣ್ಣು ಮಿಟುಕಿಸ್ತಾ ಇರುತ್ತೆ. ಮೊಮ್ಮಗ ದೆವ್ವ ಅಂತ ಹೆದರ್ಕೊಂಡಿದಾನೆ."

"ಬರ್ತೀನಮ್ಮ" ಅಂದೆ. ದೆವ್ವ ಯಾವುದು ಅಂತ ಫೋನಿನಲ್ಲೇ ಗೊತ್ತಾಗಿತ್ತು. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಸೀಮೆಗೆ ಕರೆಂಟು ಬಂದದ್ದು ಮನೆ ಬೆಳಗಲಿಕ್ಕಲ್ಲ, ಚಿನ್ನ ಅಗೆಯಲಿಕ್ಕೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಮೊದಲು ಕೋಲಾರದ ಗಣಿಗಳಿಗೆ ಹೋಯಿತು. ಬೆಂಗಳೂರಿಗೆ ದೀಪ ಸಿಕ್ಕಿದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ವಿದ್ಯುತ್ತು ಹುಟ್ಟಿಸುವ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. ಮನೆಯೊಳಗಿನ ಹೋಲ್ಡರು ಮಾತ್ರ ಇಂಗ್ಲೆಂಡಿನ ಪದ್ಧತಿಯದು. ಅಮೆರಿಕದವರು ಬಲ್ಬನ್ನು ತಿರುಪಿನ ಹಾಗೆ ತಿರುಗಿಸಿ ಕೂರಿಸುತ್ತಾರೆ. ನಾವು ಒತ್ತಿ, ಚೂರು ತಿರುಗಿಸಿ, ಬಲ್ಬಿನ ಎರಡು ಕಿವಿಗಳನ್ನು ಹೋಲ್ಡರಿನ ಸೀಳುಗಳಿಗೆ ಸಿಕ್ಕಿಸುತ್ತೇವೆ. ಆ ಹೋಲ್ಡರಿನ ಅಳತೆ ಇವತ್ತಿಗೂ ಬದಲಾಗಿಲ್ಲ. ಎಲ್‌ಇಡಿ ನಮ್ಮ ಮನೆಗಳಿಗೆ ಅಷ್ಟು ಸಲೀಸಾಗಿ ನುಗ್ಗಿದ್ದಕ್ಕೆ ಈ ಹೋಲ್ಡರೇ ಕಾರಣ ಅಂತ ನನ್ನ ಲೆಕ್ಕ. ಟ್ಯೂಬ್‌ಲೈಟು ಬಂದಾಗ ಪಟ್ಟಿ, ಚೋಕು, ಸ್ಟಾರ್ಟರು ಅಂತ ನಮ್ಮನ್ನು ಕರೆಯಲೇಬೇಕಿತ್ತು. ಎಲ್‌ಇಡಿ ಬಲ್ಬಿಗೆ ಯಾರೂ ಬೇಡ, ಸ್ಟೂಲ್ ಒಂದಿದ್ದರೆ ಸಾಕು.

ನಾನು ಕೆಲಸ ಕಲಿತ ಕಾಲದಲ್ಲಿ ಬಲ್ಬು ಅಂದರೆ ಮೈಸೂರ್ ಲ್ಯಾಂಪ್ಸ್. 1936ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ, ಈಗಿಲ್ಲ. ಅಂಗಡಿಯವನು ಬಲ್ಬನ್ನು ಗಲ್ಲಾದ ಪಕ್ಕದ ಹೋಲ್ಡರಿಗೆ ಸಿಕ್ಕಿಸಿ, ಉರಿಸಿ ತೋರಿಸಿಯೇ ಕೊಡುತ್ತಿದ್ದ. ಒಳಗಿನ ತಂತಿ ಕಡಿದರೆ ಬಲ್ಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಡಿದ ತುದಿಗಳು ಒಂದಕ್ಕೊಂದು ತಗುಲಿಕೊಳ್ಳುವ ಹಾಗೆ ಮಾಡುತ್ತಿದ್ದೆವು. ತಂತಿ ಗಿಡ್ಡವಾಗುವುದರಿಂದ ಬೆಳಕು ಮೊದಲಿಗಿಂತ ಜೋರು. ಮನೆಯವರಿಗೆ ಖುಷಿಯೋ ಖುಷಿ. ನಾಲ್ಕು ದಿನಕ್ಕೆ ಮತ್ತೆ ಕತ್ತಲೆ.

ಆ ಬಲ್ಬಿಗೆ ಬೆಳಕಿಗಿಂತ ಕಾವೇ ಹೆಚ್ಚು. ತಿಂದ ಕರೆಂಟಿನಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ಪಾಲನ್ನು ಶಾಖವಾಗಿಯೇ ಬಿಡುತ್ತಿತ್ತು. ಅದನ್ನೂ ನಮ್ಮ ಜನ ಬಿಟ್ಟಿರಲಿಲ್ಲ. ಕೋಳಿ ಸಾಕುವವರು ಮರಿಗಳ ಮೇಲೆ ನೂರು ವ್ಯಾಟಿನ ಬಲ್ಬು ಇಳಿಬಿಡುತ್ತಿದ್ದರು. ಈಗಲೂ ಒಬ್ಬಿಬ್ಬರು ಬಂದು, "ಎಲ್‌ಇಡಿ ಬೇಡ ಸ್ವಾಮಿ, ಬಿಸಿಯಾಗೋ ಬಲ್ಬು ಕೊಡಿ" ಅನ್ನುತ್ತಾರೆ.

ದೇವರ ಮನೆಯ ಝೀರೋ ಬಲ್ಬಿನ ಕತೆಯಂತೂ ಹೇಳಲೇಬೇಕು. ಹೆಸರು ಝೀರೋ, ಕುಡಿಯುವುದು ಸುಮಾರು 15 ವ್ಯಾಟು. ತಟ್ಟೆ ತಿರುಗುವ ಹಳೇ ಮೀಟರುಗಳಲ್ಲಿ ಅಷ್ಟು ಚಿಕ್ಕ ಲೋಡಿಗೆ ಎಷ್ಟೋ ಸಲ ತಟ್ಟೆಯೇ ಅಲ್ಲಾಡುತ್ತಿರಲಿಲ್ಲ. ಲೆಕ್ಕಕ್ಕೆ ಸಿಗಲಿಲ್ಲ, ಅದಕ್ಕೇ ಝೀರೋ. ಎಲೆಕ್ಟ್ರಾನಿಕ್ ಮೀಟರು ಬಂದ ಮೇಲೆ ಬಣ್ಣ ಬಯಲಾಯಿತು. ಹಗಲೂ ರಾತ್ರಿ ಉರಿದರೆ ತಿಂಗಳಿಗೆ 10.8 ಯೂನಿಟ್ಟು. ಹಾಲಿನಲ್ಲಿ ದಿನಕ್ಕೆ ಐದು ಗಂಟೆ ಉರಿಯುವ 9 ವ್ಯಾಟಿನ ಎಲ್‌ಇಡಿ ತಿನ್ನುವುದು 1.35. ದೇವರ ಮುಂದೆ ಉರಿಯುವ 'ಸೊನ್ನೆ' ಹಾಲಿನ ದೀಪದ ಎಂಟರಷ್ಟು! ಹೇಳಿದರೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ನಂಬುವುದಿಲ್ಲ.

ಎಲ್‌ಇಡಿ ಮನೆಗೆ ಬರಲು ತಡವಾದದ್ದು ನೀಲಿ ಬಣ್ಣದ ದೆಸೆಯಿಂದ. ಕೆಂಪು, ಹಸಿರು ಮೊದಲೇ ಇದ್ದವು. ಚೆನ್ನಾಗಿ ಬೆಳಗುವ ನೀಲಿಯನ್ನು ಸಾಧಿಸಿದವರು ಜಪಾನಿನ ಅಕಸಾಕಿ, ಅಮಾನೊ, ನಕಮುರ. ಅದಕ್ಕೆ 2014ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಸತ್ತ ಎಲ್‌ಇಡಿಯ ಬಿಳಿ ಬುರುಡೆ ಕಿತ್ತು ನೋಡಿ, ಒಳಗೆ ತೊಗರಿಬೇಳೆ ಅಂಟಿಸಿದ ಹಾಗೆ ಹಳದಿ ಚುಕ್ಕೆಗಳು. ಬೇಳೆಯ ಕೆಳಗೆ ನೀಲಿ ಬೆಳಕು, ಮೇಲಿನ ಹಳದಿ ಲೇಪದ ಜೊತೆ ಸೇರಿ ನಮ್ಮ ಕಣ್ಣಿಗೆ ಬಿಳಿ. ಒಂದು ಬೇಳೆಯ ನಡುವೆ ಕಪ್ಪು ಚುಕ್ಕಿ ಬಿದ್ದಿದ್ದರೆ ಕಳ್ಳ ಅದೇ. ಸರಪಳಿಯಲ್ಲಿ ಒಂದು ಹೋದರೆ ಎಲ್ಲವೂ ಹೋದ ಹಾಗೆ.

ಸರ್ಕಾರ ಸಗಟಾಗಿ ಕೊಳ್ಳಲು ಶುರುಮಾಡಿದ ಮೇಲೆ ಬೆಲೆ ಬಿದ್ದ ಪರಿ ನೋಡಬೇಕಿತ್ತು. 2014ರ ಆರಂಭದಲ್ಲಿ ಟೆಂಡರಿನಲ್ಲಿ ಒಂದಕ್ಕೆ 310 ರೂಪಾಯಿ, 2016ರ ಹೊತ್ತಿಗೆ 38. ನಮ್ಮಲ್ಲಿ 'ಹೊಸ ಬೆಳಕು' ಯೋಜನೆ ಅಂತ ಈ ಬಲ್ಬು ಹಂಚಿದಾಗ ಕರೆಂಟ್ ಬಿಲ್ಲಿನ ಜೆರಾಕ್ಸ್ ಹಿಡಿದು ಜನ ಸಾಲು ನಿಂತಿದ್ದರು.

ಈಗ ಅಜ್ಜಿಯ ದೆವ್ವಕ್ಕೆ ಬರೋಣ. ಸ್ವಿಚ್ಚನ್ನು ಫೇಸ್ ತಂತಿಗೆ ಹಾಕಬೇಕು. 1983ರಲ್ಲಿ ನಾನು ಅವಸರದಲ್ಲಿ ನ್ಯೂಟ್ರಲ್‌ಗೆ ಹಾಕಿದ್ದೆ. ಆಫ್ ಮಾಡಿದರೂ ಬಲ್ಬಿನವರೆಗೆ ಫೇಸ್ ಬಂದು ನಿಂತೇ ಇರುತ್ತದೆ. ಅಕ್ಕಪಕ್ಕದ ವೈರುಗಳ ನಡುವೆ ಕೂದಲೆಳೆಯಷ್ಟು ಕರೆಂಟು ಸೋರುತ್ತದೆ. ಹಳೇ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎಲ್‌ಇಡಿಯ ಹೊಟ್ಟೆಯಲ್ಲಿರುವ ಕೆಪಾಸಿಟರು ಅದನ್ನೇ ಹನಿ ಹನಿಯಾಗಿ ಕೂಡಿಡುತ್ತದೆ, ತುಂಬಿದಾಗ ಬಲ್ಬು ಒಮ್ಮೆ ಮಿನುಗುತ್ತದೆ. ನಲವತ್ತು ವರ್ಷ ಹಳೇ ಬಲ್ಬು ಮುಚ್ಚಿಟ್ಟ ನನ್ನ ತಪ್ಪನ್ನು ಒಂದು ಪುಟಾಣಿ ಎಲ್‌ಇಡಿ ಬಾಯಿಬಿಟ್ಟಿತು. ಅಷ್ಟು ವರ್ಷ ಆ ಮನೆಯವರು ಸ್ವಿಚ್ ಆಫ್ ಮಾಡಿ, ಧೈರ್ಯವಾಗಿ ಹೋಲ್ಡರಿಗೆ ಕೈ ಹಾಕಿ ಬಲ್ಬು ಬದಲಿಸಿದ್ದಾರೆ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ತಂತಿ ಸರಿಮಾಡಿದೆ. ಅಜ್ಜಿ ಕಾಫಿ ಕೊಟ್ಟರು, ಕೂಲಿ ನಾನು ಮುಟ್ಟಲಿಲ್ಲ. ನಿಮ್ಮ ಮನೆಯಲ್ಲೂ ಆರಿಸಿದ ಎಲ್‌ಇಡಿ ಮಿಣುಕುತ್ತಿದ್ದರೆ ಬಲ್ಬನ್ನು ಬೈಯಬೇಡಿ. ಇಂಡಿಕೇಟರ್ ಇರುವ ಸ್ವಿಚ್ಚಾದರೆ ಅದರಿಂದಲೂ ಹಾಗಾಗುತ್ತದೆ. ಅದಲ್ಲದಿದ್ದರೆ ಮೇನ್ ಆಫ್ ಮಾಡದೆ ಹೋಲ್ಡರ್ ಮುಟ್ಟಬೇಡಿ, ವೈರ್‌ಮನ್‌ನನ್ನು ಕರೆಸಿ ಫೇಸ್ ಎಲ್ಲಿದೆ ಅಂತ ಟೆಸ್ಟರ್ ಹಾಕಿಸಿ ನೋಡಿ.